ವಾಲ್ವ್ ಸ್ಕ್ರೂ ಆರಿಸಿದ್ದು ನಾನು

ಹಿರಿಯೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಎರಡು ಬಗೆಯ ವಾಲ್ವ್ ಸ್ಕ್ರೂಗಳನ್ನು ನನ್ನ ಗಂಡನ ಮುಂದೆ ಹಿಡಿದ. ಕಾರು ನನ್ನದು, ಓಡಿಸುವವಳು ನಾನು, ಕೈಗೆ ಗ್ರೀಸ್ ಮೆತ್ತಿಕೊಂಡು ಪಕ್ಕದಲ್ಲೇ ನಿಂತವಳೂ ನಾನೇ.

“ಮಾಮೂಲಿ ಸ್ಕ್ರೂನೇ ಸಾಕು ಬಿಡ್ರಿ ಸಾರ್. ಮೇಡಮ್ಮೋರು ಊರೊಳಗೇ ಅಲ್ವಾ ಓಡ್ಸೋದು?”

ನನ್ನವರು ನಕ್ಕರು. “ನನ್ನ ಕೇಳಬ್ಯಾಡಪ್ಪ. ಈ ಕಾರಿಗೆ ಇಂಜಿನ್ ಹಿಂದೈತೆ ಅನ್ನೋದೇ ನಂಗೆ ಮದುವೆ ಆದ್ಮೇಲೆ ಗೊತ್ತಾಗಿದ್ದು.”

ನೀರಿಲ್ಲದೆ ಗಾಳಿಯಿಂದಲೇ ತಣಿಯುವ ಹಳೆಯ ಇಂಜಿನ್ ಅದು. ಅದರಲ್ಲಿದ್ದ ಮಾಮೂಲಿ ಸ್ಕ್ರೂಗಳ ತುದಿ ಸವೆದು ವಾಲ್ವ್‌ಗಳು ಕಟಕಟ ಎನ್ನುತ್ತಿದ್ದವು. ನಾನು ಇನ್ನೊಂದು ಬಗೆಯದನ್ನು ಎತ್ತಿಕೊಂಡೆ. ಅದರ ತುದಿ ತಾನೇ ಹೊರಳಿ ವಾಲ್ವ್ ಮೇಲೆ ಸಮನಾಗಿ ಕೂರುತ್ತದೆ. ಮೆಕ್ಯಾನಿಕ್ ಕೂಡಲೇ ಸ್ಪ್ಯಾನರ್ ತೆಗೆದ.

“ಈಗಲೇ ಬ್ಯಾಡ. ಇಂಜಿನ್ ಪೂರ್ತಿ ತಣ್ಣಗಾಗ್ಲಿ. ಬಿಸಿ ಇದ್ದಾಗ ಸ್ಕ್ರೂಗೂ ವಾಲ್ವ್‌ಗೂ ನಡುವಿನ ಗ್ಯಾಪ್ ಸರಿಯಾಗಿ ಸಿಗಲ್ಲ,” ಎಂದು ಸ್ಟೂಲ್ ಎಳೆದುಕೊಂಡು ಕೂತುಬಿಟ್ಟೆ. ಊಟದ ಹೊತ್ತು ಮೀರಿದರೂ ಏಳಲಿಲ್ಲ. ಇಂಜಿನ್ ತಣಿದ ಮೇಲೆ ನಾನು ಆರಿಸಿದ ಸ್ಕ್ರೂಗಳನ್ನೇ ಹಾಕಿಸಿದೆ. ಸಂಜೆ ಮಾರಿಕಣಿವೆ ದಾಟಿ ಹೊಸದುರ್ಗ ಮುಟ್ಟುವವರೆಗೂ ಕಟಕಟ ಸದ್ದು ಕೇಳಲಿಲ್ಲ.

ಈಗ ಆ ಗ್ಯಾರೇಜಿಗೆ ಹೋದರೆ ನನ್ನವರಿಗೆ ಟೀ ಸಿಗುತ್ತದೆ. ಪ್ರಶ್ನೆಗಳು ನನಗೆ ಬರುತ್ತವೆ.