ಹುಲ್ಲಕ್ಕನ ಒಂಬೈನೂರು ತೇಪೆಗಳು

ಬೆಳಗಿನ ಜಾವ ಐದೂಕಾಲು. ಗೇಟಿನ ಪಕ್ಕ ಬೂಟು ಬಿಚ್ಚಿಟ್ಟು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಹುಲ್ಲಕ್ಕ ಬರಿಗಾಲಲ್ಲಿ ಫುಟ್‌ಬಾಲ್ ಮೈದಾನಕ್ಕೆ ಇಳಿಯುತ್ತಾರೆ. ಈ ಗೋಲಿನಿಂದ ಆ ಗೋಲಿಗೆ, ಮತ್ತೆ ಆ ಗೋಲಿನಿಂದ ಈ ಗೋಲಿಗೆ, ಸಾಲು ತಪ್ಪದ ನಡಿಗೆ. ಹಿಮ್ಮಡಿಗೆ ನೆಲ ಗಟ್ಟಿ ಅನ್ನಿಸಿದಲ್ಲಿ ನಿಂತು, ನಾಲ್ಕು ಹಲ್ಲಿನ ಕಬ್ಬಿಣದ ಕವಲುಗೋಲನ್ನು ಊರಿ, ಅದರ ಮೇಲೆ ತಮ್ಮ ಭಾರವನ್ನೆಲ್ಲ ಬಿಡುತ್ತಾರೆ. ಬೇರಿಗೆ ಗಾಳಿ ಹೋಗಲು ತೂತು ಬೇಕಂತೆ.

"ಕಣ್ಣು ಮೋಸ ಮಾಡುತ್ತೆ ಕಣ್ರೀ. ಮೇಲೆ ಹಸಿರಾಗಿದ್ರೆ ಒಳಗೂ ಚೆನ್ನಾಗಿದೆ ಅಂತ ನಂಬಿಸಿಬಿಡುತ್ತೆ. ಕಾಲಿಗೆ ಹಾಗೆಲ್ಲ ಸುಳ್ಳು ಹೇಳೋಕೆ ಬರಲ್ಲ" ಎನ್ನುತ್ತಾರೆ.

ಐವತ್ತಾರರ ಈ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಕ್ಲಬ್ಬಿನ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದಕ್ಕೆ ಕೆಲಸವಿಲ್ಲ. ಇಪ್ಪತ್ತಮೂರು ವರ್ಷಗಳ ಹಿಂದೆ ಗ್ಯಾಲರಿ ಗುಡಿಸಲು ಬಂದವರು. ಹಳೆಯ ಮಾಲಿಗೆ ಮಂಡಿನೋವು ಶುರುವಾದಾಗ ಹುಲ್ಲು ಕತ್ತರಿಸುವ ಯಂತ್ರ ತಳ್ಳಲು ಜನ ಸಿಗಲಿಲ್ಲ. "ನಾನು ತಳ್ತೀನಿ ಅಂದೆ. ಎಲ್ರೂ ನಕ್ರು. ನಗಲಿ ಬಿಡಿ, ತಳ್ತಿರೋದು ಗಂಡಸೋ ಹೆಂಗಸೋ ಅಂತ ಯಂತ್ರಕ್ಕೇನು ಗೊತ್ತು?" ಅಂದಿನಿಂದ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ. ಹುಲ್ಲಿನ ಎತ್ತರ ತೋರುಬೆರಳಿನ ಒಂದು ಗೆಣ್ಣಿನಷ್ಟು, ಕೂದಲೆಳೆಯಷ್ಟೂ ಹೆಚ್ಚಾಗುವಂತಿಲ್ಲ. ಬಸ್ ಓಡಿಸುವ ಗಂಡನದು ಬೇರೆಯೇ ಗೋಳು: "ನನ್ನ ತಲೆ ಪೂರ್ತಿ ಬೋಳಾಯ್ತು, ಇವಳ ಕಣ್ಣಿಗೆ ಬಿದ್ದಿಲ್ಲ. ಗೋಲಿನ ಮುಂದೆ ನಾಲ್ಕು ಎಳೆ ಒಣಗಿದ್ರೆ ಇವಳಿಗೆ ಊಟ ಸೇರಲ್ಲ."

ಈಗಿನ ಮಾಲೀಕರು ಕ್ಲಬ್ಬನ್ನು ಕೊಂಡು ನಾಲ್ಕು ವರ್ಷ. ಅಷ್ಟರಲ್ಲಿ ಏಳು ಮಂದಿ ಕೋಚ್‌ಗಳು ಬಂದು ಹೋದರು. ತಂಡದ ಒಳ್ಳೆಯ ಗೋಲ್‌ಕೀಪರನ್ನು ಮಾರಿದ ವಾರವೇ ಮಾಲೀಕರ ಕೋಣೆಗೆ ಹೊಸ ಸೋಫಾ ಬಂತು. ಯಾರನ್ನೂ ಕೇಳುವ ಅಭ್ಯಾಸ ಅವರಿಗಿಲ್ಲ, ಕೇಳಿದವರಿಗೆ ಉತ್ತರ ಕೊಡುವ ಅಭ್ಯಾಸವಂತೂ ಮೊದಲೇ ಇಲ್ಲ. ಅಭಿಮಾನಿಗಳು ಪತ್ರ ಬರೆದರು, ಆಮೇಲೆ ಕೂಗಿದರು, ಕೊನೆಗೆ ಪಂದ್ಯದುದ್ದಕ್ಕೂ ಮೈದಾನಕ್ಕೆ ಬೆನ್ನು ಹಾಕಿ ನಿಂತರು. ತಂಡ ಜಾರಿ ಜಾರಿ ಪಟ್ಟಿಯ ಬುಡ ಸೇರಿತು. ಋತುವಿನ ಕೊನೆಯ ಪಂದ್ಯ ಗೆದ್ದರೆ ಮೊದಲ ದರ್ಜೆಯಲ್ಲಿ ಉಳಿವು. ಇಲ್ಲವಾದರೆ ತಾತಂದಿರ ಕಾಲದ ಕ್ಲಬ್ಬು ಕೆಳಗಿನ ದರ್ಜೆಗೆ.

ಇಂಥ ಹೊತ್ತಿನಲ್ಲಿ, ಪಂದ್ಯಕ್ಕೆ ಎಂಟೇ ದಿನವಿರುವಾಗ, ಈ ಮಹಾನುಭಾವರು ಮೈದಾನವನ್ನು ಕಾರುಗಳ ಪ್ರದರ್ಶನಕ್ಕೆ ಕೊಟ್ಟುಬಿಟ್ಟರು! ನೆಲ ನೀರು ಕುಡಿದು ಮೆತ್ತಗಿದೆ, ಬೇಡ ಎಂದು ಹುಲ್ಲಕ್ಕ ಅಂಗಲಾಚಿದರೆ "ಹುಲ್ಲು ತಾನೇ, ಬೆಳೆಯುತ್ತೆ ಬಿಡಮ್ಮ" ಎಂದರಂತೆ. ಕಾರುಗಳು ಹೋದ ಮೇಲೆ ಉಳಿದದ್ದು ಮೊಣಕೈ ಆಳದ ಚಕ್ರದ ಗುರುತುಗಳು, ಕೆಸರು, ಕಿತ್ತು ಮಗುಚಿದ ಬೇರು. ಪಂದ್ಯದ ಹಿಂದಿನ ದಿನ ಲೀಗ್‌ನ ಅಧಿಕಾರಿ ಬಂದು ನೋಡುವುದಿತ್ತು. ಅವರು ಬೇಡವೆಂದರೆ ಆಡದೆಯೇ ಸೋಲು.

"ಅವತ್ತು ಕೂತು ಅತ್ತುಬಿಟ್ಟೆ. ಹೇಳೋಕೆ ನಾಚಿಕೆ ಏನು?"

ಗೇಟಿನ ಹೊರಗೆ ಅಭಿಮಾನಿಗಳು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಅವರ ಮುಂದಾಳು ಪಕ್ಕದ ಬೀದಿಯಲ್ಲಿ ಕ್ಷೌರದಂಗಡಿ ಇಟ್ಟವರು. ಹುಲ್ಲಕ್ಕ ಕಣ್ಣೊರೆಸಿಕೊಂಡು ಹೋಗಿ ಗೇಟು ತೆರೆದರು. "ಕೂಗಿದ್ದು ಸಾಕು ಕಣ್ರಪ್ಪಾ. ಕೂಗಿದ್ರೆ ಹುಲ್ಲು ಹುಟ್ಟಲ್ಲ. ಗುದ್ದಲಿ ಹಿಡಿಯೋರು ಒಳಗೆ ಬನ್ನಿ."

ಎಂಬತ್ತು ಜನ ಒಳಗೆ ಬಂದರು. ಗ್ಯಾಲರಿಯ ಹಿಂದೆ ಅಭ್ಯಾಸದ ಮೈದಾನವಿದೆ; ಹನ್ನೊಂದು ವರ್ಷ ಕೂತು ನಿಂತು ಹುಲ್ಲಕ್ಕ ಬೆಳೆಸಿದ್ದು. ಅದರ ಹುಲ್ಲನ್ನೇ ಮಣ್ಣುಸಮೇತ ಚೌಕ ಚೌಕವಾಗಿ ಕತ್ತರಿಸಿ, ತಂದು ಗಾಯವಾದಲ್ಲಿ ಕೂರಿಸಬೇಕು. ಮೊದಲ ಚೌಕಕ್ಕೆ ಹುಲ್ಲಕ್ಕನೇ ಸಲಿಕೆ ಹಾಕಿದರು.

ಮೂರನೇ ದಿನ ಎಡವಟ್ಟಾಯಿತು. ಬೆಳಿಗ್ಗೆ ಗ್ಯಾಲರಿಯ ಮೇಲಿನ ಮೆಟ್ಟಿಲು ಹತ್ತಿ ನೋಡಿದ ಹುಲ್ಲಕ್ಕ ಅಲ್ಲೇ ನಿಂತುಬಿಟ್ಟರು. ಅಭ್ಯಾಸದ ಮೈದಾನದ ಹುಲ್ಲು ಇಲ್ಲಿಯದಕ್ಕಿಂತ ತುಸು ತಿಳಿ ಹಸಿರು. ಮಧ್ಯಭಾಗದ ಹೊಣೆ ಹೊತ್ತಿದ್ದ ಕ್ಷೌರಿಕರ ತಂಡ ತಿಳಿ ಹಸಿರು ಚೌಕಗಳನ್ನು ಜೋಡಿಸಿ, ಮೈದಾನದ ನಡುವೆ ದೊಡ್ಡದಾಗಿ 'ಮಾಲೀಕ ತೊಲಗು' ಎಂದು ಬರೆದಿಟ್ಟಿತ್ತು! ಅಕ್ಷರ ದುಂಡಗೆ ಬರಲೆಂದು ಚೆನ್ನಾಗಿದ್ದ ಹುಲ್ಲನ್ನೂ ಅಗೆದು ಹಾಕಿದ್ದರು.

"ನಗು ತಡೆಯೋಕಾಗ್ಲಿಲ್ಲ. ಆದ್ರೂ ಮುಖ ಗಂಟು ಹಾಕ್ಕೊಂಡು ಬೈದೆ. ಬೈಯೋದಾದ್ರೆ ಬಾಯಲ್ಲಿ ಬೈಯಿರಿ, ನನ್ನ ಹುಲ್ಲಲ್ಲಿ ಬೈಬೇಡಿ ಅಂದೆ." ಕ್ಷೌರಿಕರು ಈಗಲೂ ಕಿವಿ ಕೆರೆದುಕೊಳ್ಳುತ್ತಾರೆ: "ಮೊಮ್ಮಗಳಿದ್ದಾಳೆ ನಂಗೆ. ಅಕ್ಕ ನನ್ನನ್ನ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ್ರು ಗೊತ್ತಾ?" ಅಕ್ಷರ ಅಳಿಸುವುದರಲ್ಲಿ ಒಂದಿಡೀ ದಿನ ಹೋಯಿತು. ಉಳಿದ ದಿನಗಳಲ್ಲಿ ಯಾರೂ ಕೂತು ಉಂಡಿದ್ದಿಲ್ಲ. ಒಟ್ಟು ಒಂಬೈನೂರು ಚೌಕ.

ಅಧಿಕಾರಿ ಬಂದರು. ಸೊಂಟದ ಎತ್ತರದಿಂದ ಹನ್ನೆರಡು ಕಡೆ ಚೆಂಡು ಬಿಟ್ಟು ನೋಡಿದರು, ಅಂಚುಗಳನ್ನು ಬೂಟಿನಿಂದ ಒದ್ದು ನೋಡಿದರು. "ತೇಪೆ ಹಾಕಿದ ಹಳೇ ಚಾದರದ ಹಾಗಿದೆಯಲ್ರೀ!" ಎಂದರು. ಹುಲ್ಲಕ್ಕ ಬಗ್ಗಿ, ಅವರು ಒದ್ದ ಅಂಚನ್ನು ಕೈಯಲ್ಲಿ ಒತ್ತಿ ಸರಿಮಾಡಿದರು. "ಆದ್ರೆ ಚೆಂಡಿಗೆ ಬಣ್ಣ ಕಾಣಲ್ಲ, ಆಡ್ಲಿ ಬಿಡಿ" ಎನ್ನುತ್ತ ಸಹಿ ಹಾಕಿದರು.

ಮರುದಿನ ಗ್ಯಾಲರಿಯಲ್ಲಿ ಒಬ್ಬರೂ ಬೆನ್ನು ಹಾಕಲಿಲ್ಲ. ಎಂಬತ್ತೇಳನೇ ನಿಮಿಷದಲ್ಲಿ ಎಡಗಡೆಯಿಂದ ಬಂದ ಪಾಸ್ ತೇಪೆಗಳ ಮೇಲೆ ನೇರ ಉರುಳಿ ಬಂತು, ಗೋಲಾಯಿತು, ಅಲ್ಲಿಗೆ ಕ್ಲಬ್ಬು ಉಳಿಯಿತು. ಇಡೀ ಕ್ರೀಡಾಂಗಣ ಎದ್ದು ನಿಂತು ಒಂದೇ ಹೆಸರು ಕೂಗಿತು: ಹುಲ್ಲಕ್ಕ! ಹುಲ್ಲಕ್ಕ! "ಗೋಲು ನಾನು ನೋಡ್ಲೇ ಇಲ್ಲ. ಚೆಂಡು ತೇಪೆ ದಾಟೋದನ್ನೇ ನೋಡ್ತಿದ್ದೆ. ಒಂದು ಸಲಾನೂ ಪುಟಿಯಲಿಲ್ಲ ನೋಡಿ!" ಎನ್ನುವಾಗ ಅವರ ಮುಖ ಊರಗಲ.

ಆ ಸಂಜೆ ಮಾಲೀಕರು ಕ್ಯಾಮೆರಾಗಳ ಮುಂದೆ ಅವರನ್ನು ಕರೆದು, ಏನು ಬೇಕೋ ಕೇಳು ಎಂದರು. ಹೆಚ್ಚು ಸಂಬಳ ಕೇಳುತ್ತಾರೆಂದು ಎಲ್ಲರ ಊಹೆ. "ಆರು ವಾರ ಮೈದಾನಕ್ಕೆ ಯಾರೂ ಕಾಲಿಡಬಾರದು. ನೀವೂ ಸೇರಿ. ಆಮೇಲೂ ನನ್ನನ್ನ ಕೇಳದೆ ಯಾರಿಗೂ ಕೊಡಬಾರದು" ಎಂದರು ಹುಲ್ಲಕ್ಕ. ಅಷ್ಟು ಜನರೆದುರು ಇಲ್ಲವೆನ್ನುವುದು ಹೇಗೆ? ಕ್ಷೌರಿಕರು ಅದನ್ನು ಅಲ್ಲೇ ಒಂದು ಬೋರ್ಡಿನ ಮೇಲೆ ಬರೆಸಿ, ಸಹಿ ಹಾಕಿಸಿ, ಗೇಟಿಗೆ ತೂಗುಹಾಕಿದರು.

ಹುಲ್ಲಕ್ಕ ಇದನ್ನೆಲ್ಲ ನಮಗೆ ಹೇಳುತ್ತಿರುವಾಗಲೇ ಗೇಟಿನ ಬಳಿ ಕಾರೊಂದು ನಿಲ್ಲುತ್ತದೆ. ಮಾಲೀಕರು, ಜೊತೆಗೆ ಇಬ್ಬರು ಅತಿಥಿಗಳು. "ಐದೇ ನಿಮಿಷ ಅಮ್ಮ, ನಡುವೆ ನಿಂತು ಒಂದು ಫೋಟೋ" ಎನ್ನುತ್ತಾರೆ.

ಹುಲ್ಲಕ್ಕ ಗೇಟು ತೆರೆಯುವುದಿಲ್ಲ. ಸರಳುಗಳ ಸಂದಿಯಿಂದ ಬೆರಳು ಚಾಚಿ ಬೋರ್ಡು ತೋರಿಸುತ್ತಾರೆ. ಮಾಲೀಕರು ಓದುತ್ತಾರೆ, ಕೆಳಗಿರುವ ತಮ್ಮ ಸಹಿಯವರೆಗೂ.

"ಇನ್ನೂ ಹತ್ತೊಂಬತ್ತು ದಿನ ಇದೆ ಸಾರ್" ಎನ್ನುತ್ತಾರೆ ಹುಲ್ಲಕ್ಕ, ತುಂಬ ಮರ್ಯಾದೆಯಿಂದ. "ಆಮೇಲೆ ಬನ್ನಿ. ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ."