ಜಗಲಿಯ ಮೇಲೆ ಮಲಗುತ್ತಿದ್ದ ಗಂಗಾಧರ

ಗಂಗಾಧರನ ಹೆಸರು ಕದಿರಮ್ಮನ ಕಿವಿಗೆ ಮೊದಲು ಬಿದ್ದದ್ದು ಒಂದು ಸೋಮವಾರ, ಮುಳಬಾಗಿಲಿನ ಮನೆ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ. ನಂಗಲಿಯಿಂದ ಅವನ ತಾಯಿ ಶಾಮಲಮ್ಮ ಬಂದಿದ್ದಳು. ಮಗ ಹೈವೇ ಆಂಬುಲೆನ್ಸಿಗೆ ಡ್ರೈವರಾಗಿ ಸೇರಿದ್ದಾನೆ, ಮದುವೆಯಾಗಿ ಇನ್ನೂ ಎರಡು ತಿಂಗಳಿಲ್ಲ, ಯಾರ ಯಾರದೋ ಹೆಣ ಎತ್ತಿ ಬಂದು ಮನೆಯೊಳಗೆ ಕಾಲಿಡುತ್ತಾನೆ, ಇದಕ್ಕೆ ಮೈಲಿಗೆ ಎಷ್ಟು ದಿನ ಎಂದು ಕೇಳಿದಳು. ಸಾವಿನ ಶಾಸ್ತ್ರವೆಂದರೆ ಸುತ್ತಲಿನವರೆಲ್ಲ ಕದಿರಮ್ಮನನ್ನೇ ಕೇಳುವುದು. ಗಂಡನನ್ನೂ ಇಬ್ಬರು ಮೈದುನರನ್ನೂ ಮಣ್ಣು ಮಾಡಿ ಕಲಿತದ್ದು ಅದು. ಹೆಣ ಮುಟ್ಟಿದಾಗಲೆಲ್ಲ ಹಿತ್ತಲಲ್ಲೇ ಸ್ನಾನ ಮಾಡಲಿ, ದೀಪ ನೋಡಿ ಒಳಗೆ ಬರಲಿ, ಮೂರು ರಾತ್ರಿ ಹೆಂಡತಿಯಿಂದ ದೂರ ಮಲಗಲಿ ಎಂದು ತಲೆಯೆತ್ತದೆ ಹೇಳಿಬಿಟ್ಟಳು.

ನಂಗಲಿಯ ಹೈವೇಯಲ್ಲಿ ಹಗಲೂ ರಾತ್ರಿ ಲಾರಿಗಳ ಸಾಲು. ಮೂರು ದಿನ ಯಾರೂ ಸಾಯದೆ ಕಳೆಯುವುದೇ ಅಪರೂಪ. ಗಂಗಾಧರ ಜಗಲಿಯ ಮೇಲೆ ಚಾಪೆ ಹಾಸಿದ. ಟೀ ಅಂಗಡಿಯ ಸೊಣ್ಣಪ್ಪ, "ಏನ್ಲಾ ಸ್ವಾಮೀಜಿ, ಮಠ ಯಾವಾಗ ಕಟ್ತೀಯಾ?" ಎಂದು ರೇಗಿಸುತ್ತಿದ್ದ. ಮೊದಮೊದಲು ಇವನೂ ನಗುತ್ತಿದ್ದನಂತೆ.

ನಾಲ್ಕು ವರ್ಷವಾದರೂ ಹೆಂಡತಿ ಮುನಿಲಕ್ಷ್ಮಿಯ ಮಡಿಲು ತುಂಬಲಿಲ್ಲ. ಶಾಮಲಮ್ಮ ಸೊಸೆಗೆ ಹರಕೆ ಹೊರಿಸಿದಳು, ಬೇರು ಅರೆದು ಕುಡಿಸಿದಳು. ಹುಡುಗಿ ಕೊಟ್ಟದ್ದನ್ನೆಲ್ಲ ಕುಡಿದಳು. ಕೊನೆಗೆ, ಯುಗಾದಿ ಕಳೆಯಲಿ, ಇವಳನ್ನು ಯಲ್ದೂರಿನ ತವರಿಗೆ ಬಿಟ್ಟುಬರುವುದು, ಹೋಳೂರಿನಲ್ಲಿ ಬೇರೆ ಹೆಣ್ಣು ನೋಡಿದ್ದೇನೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು.

ಈ ಸುದ್ದಿ ಕೇಳಿ ಕದಿರಮ್ಮನಿಗೆ ಅನ್ನ ಇಳಿಯಲಿಲ್ಲ. ತಾನು ಆಡಿದ ಒಂದು ಮಾತು ಒಬ್ಬ ಹೆಣ್ಣಿನ ಬಾಳು ತಿನ್ನುತ್ತಿದೆ ಅನ್ನಿಸಿತು. ಮರುದಿನ ಬೆಳಿಗ್ಗೆಯೇ ಬಸ್ಸು ಹಿಡಿದು ನಂಗಲಿಗೆ ಹೋದಳು. ತಾಯಿ, ಮಗ, ಸೊಸೆ ಮೂವರ ಎದುರಿಗೇ, ತಾನು ಹೇಳಿದ್ದು ತಪ್ಪು, ಆ ಶಾಸ್ತ್ರ ಮನೆಯವರ ಸಾವಿಗೆ, ಹೊಟ್ಟೆಪಾಡಿನ ಕೆಲಸಕ್ಕಲ್ಲ, ಇವತ್ತಿನಿಂದ ಒಳಗೆ ಮಲಗಲಿ ಎಂದಳು. ಮುನಿಲಕ್ಷ್ಮಿ ತಲೆ ತಗ್ಗಿಸಿದಳು. ಹುಡುಗ ಹಗುರಾಗುತ್ತಾನೆ ಎಂದುಕೊಂಡಿದ್ದ ಕದಿರಮ್ಮ ಅವನ ಕಡೆ ನೋಡಿದರೆ, ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಬಸ್ಸಿಗೆ ಬಿಡಲು ಅವನೇ ಬಂದ. ಬಸ್ಸು ನಿಲ್ಲುವ ಹುಣಸೆ ಮರದ ಕೆಳಗೆ ನಿಂತ ಮೇಲೆ, ಅವಳ ಮುಖ ನೋಡದೆ ಒಂದೊಂದಾಗಿ ಹೇಳಿದ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಮದುವೆ ದಿಬ್ಬಣದ ಟೆಂಪೋ ಒಂದು ಮಗುಚಿತ್ತು. ಅರಿಶಿನ ಮಾಸದ ಮದುಮಗಳು ಅವನ ಕೈ ಹಿಡಿದುಕೊಂಡಳು, ಬಿಡಲೊಲ್ಲಳು. ಗಾಡಿಯನ್ನು ಜೊತೆಯವನಿಗೆ ಕೊಟ್ಟು ಕೋಲಾರದವರೆಗೂ ಹಿಂದೆ ಕೂತ. ಆಸ್ಪತ್ರೆ ಬಂತಾ ಎಂದು ಅವಳು ಕೇಳುತ್ತಲೇ ಇದ್ದಳು. ಕೋಲಾರ ಮುಟ್ಟುವ ಮೊದಲೇ ಆ ಕೈ ತಣ್ಣಗಾಯಿತು. ಅಂದಿನಿಂದ ಹೆಂಡತಿಯ ಮೈ ಮುಟ್ಟಿದರೆ ಅದೂ ತಣ್ಣಗಾಗುವುದನ್ನೇ ಕಾಯುತ್ತಾನೆ.

"ಮನಸಿದೆ ಅವ್ವಾ, ಮೈ ಏಳಲ್ಲ. ಹೆಣ ಎತ್ತದ ದಿನಾನೂ ಎತ್ತಿದೆ ಅಂತ ಸುಳ್ಳು ಹೇಳಿ ಹೊರಗೆ ಮಲಗ್ತಿದ್ದೆ."

ಕದಿರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಗಂಡನ ಜೊತೆಗೂ ಅವಳು ಇಂಥ ಮಾತು ಆಡಿದವಳಲ್ಲ. ಡಾಕ್ಟರಿಗೆ ತೋರಿಸಿದೆಯಾ ಎಂದಳು. ತೋರಿಸಿದ್ದನಂತೆ. ಇದು ಗಂಡಸುತನದ ದೋಷವಲ್ಲ, ಕಂಡದ್ದೆಲ್ಲ ಒಳಗೆ ಕೂತುಬಿಟ್ಟಿದೆ, ಇಂಥ ಕೆಲಸದವರಿಗೆ ಬರುವುದುಂಟು, ವಾಸಿಯಾಗುತ್ತದೆ, ಹೆಂಡತಿಯನ್ನೂ ಕರೆದುಕೊಂಡು ಬಾ ಎಂದಿದ್ದರಂತೆ. ಅದಾಗಿ ಒಂದು ವರ್ಷ. ಇವನು ಆ ಕಡೆ ತಿರುಗಿ ನೋಡಿರಲಿಲ್ಲ.

"ನಾಯನಾ, ನೀನು ಬಾಯಿ ಮುಚ್ಕೊಂಡಿದ್ದಕ್ಕೆ ಅವಳು ಬಂಜೆ ಅನ್ನಿಸಿಕೊಂಡಳಲ್ಲೋ."

"ಗೊತ್ತು ಅವ್ವಾ." ಅವನು ಕಾಲಿನಿಂದ ಮಣ್ಣು ಕೆದಕಿದ. "ಎಷ್ಟೋ ಸಲ ಹೇಳೋಕೆ ಹೋದೆ. ಅವಳು ಊಟಕ್ಕೆ ಕರೀತಾಳೆ. ಉಂಡು ಎದ್ದುಬಿಡ್ತೀನಿ."

ಬಸ್ಸು ದೂರದಲ್ಲಿ ಕಾಣಿಸಿತು. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ರಾಜ್ಯದ ಗಡಿಯ ಹತ್ತಿರ ಎರಡು ಲಾರಿ ಡಿಕ್ಕಿ. ಬರ್ತಿದ್ದೀನಿ ಎಂದು ಫೋನಿಗೆ ಹೇಳಿ, ಅವಳ ಮುಂದೆ ಎರಡೂ ಕೈ ಜೋಡಿಸಿದ.

"ನೀವು ಈ ಬಸ್ಸಿಗೆ ಹೋಗಬೇಡಿ ಅವ್ವಾ. ವಾಪಸ್ ಮನೆಗೆ ಹೋಗಿ, ಎಲ್ಲಾ ಅವಳಿಗೆ ಹೇಳಿ. ಕೇಳಿದ್ಮೇಲೆ ಹೋಗ್ತೀನಿ ಅಂದ್ರೆ ತಡೀಬೇಡಿ, ನೀವೇ ಯಲ್ದೂರು ಬಸ್ಸು ಹತ್ತಿಸಿ. ಹೋದ್ರೆ ಅವಳಾಗೇ ಹೋಗಲಿ, ನಮ್ಮಮ್ಮ ಕಳಿಸಿದ್ದು ಅಂತ ಆಗೋದು ಬೇಡ."