ಅರ್ಧಕ್ಕೆ ನಿಂತ ಸೊಲ್ಲು

ನಮ್ಮ ರನ್ನ ಬೆಳಗಲಿಯಲ್ಲಿ ಅನ್ನವ್ವ ಬಂದು ಅತ್ತರೆ ಮಾತ್ರ ಸತ್ತವರು ಸತ್ತ ಲೆಕ್ಕ. ತಮಾಷೆಗೆ ಹೇಳುತ್ತಿಲ್ಲ. ಡಾಕ್ಟರು ಕೈ ಹಿಡಿದು ನೋಡಿ ತಲೆಯಾಡಿಸಿ ಹೋಗಿರುತ್ತಿದ್ದರು, ಅಂಗಳದ ತುಂಬ ಮಂದಿ ಕೂಡಿರುತ್ತಿದ್ದರು, ಆದರೂ ಮನೆಯ ಹೆಂಗಸರು ಏನೂ ತಿಳಿಯದವರಂತೆ ಗೋಡೆ ನೋಡುತ್ತ ಕೂತಿರುತ್ತಿದ್ದರು. ಆಕೆ ಬಂದು ಸೆರಗು ಬಾಯಿಗೆ ಹಿಡಿದು ಮೊದಲ ಸೊಲ್ಲು ಎತ್ತಿದ ಮೇಲೆಯೇ ಮನೆಗೆ ಮನೆಯೇ ಅಳುವುದಕ್ಕೆ ಶುರುಮಾಡುತ್ತಿತ್ತು.

ನಾನು ಆಕೆಯ ಪಕ್ಕದ ಮನೆಯವಳು. ಹಾಡಿಕೊಂಡು ಅಳುವುದು ಒಬ್ಬರಿಂದ ಆಗುವ ಕೆಲಸವಲ್ಲ. ಆಕೆ ಸೊಲ್ಲಿನ ಮೊದಲ ಅರ್ಧ ಹೇಳಬೇಕು, ಸುತ್ತ ಕೂತ ನಾವು ‘ಯಪ್ಪಾ’ ಎಂದೋ ‘ಯವ್ವಾ’ ಎಂದೋ ದನಿ ಎಳೆಯಬೇಕು. ಆ ಸಂದಿನಲ್ಲಿ ಆಕೆ ಉಸಿರು ತೆಗೆದುಕೊಂಡು ಉಳಿದ ಅರ್ಧವನ್ನು ಹೊಂದಿಸಿ ಮುಗಿಸಬೇಕು. ಆ ಅರ್ಧ ಏನೆಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ, ಆಕೆಗೂ ಇಲ್ಲ. ಎತ್ತಿದ ಸೊಲ್ಲನ್ನು ಮಾತ್ರ ನಡುವೆ ಬಿಡಬಾರದು. ಬಿಟ್ಟರೆ ಹೋಗುವವರ ಕಾಲು ಹೊಸ್ತಿಲಲ್ಲೇ ತೊಡಕುತ್ತದೆ ಅನ್ನುತ್ತಾರೆ ನಮ್ಮವರು. ನನ್ನ ಗಂಟಲು ಕತ್ತೆಗೂ ಬೇಡ, ಆದರೂ ದನಿ ಎಳೆಯಲು ಪಕ್ಕದಲ್ಲಿ ನಾನೇ ಇರಬೇಕೆಂದು ಆಕೆಯ ಹಟ.

ಸುಳ್ಳು ಹೊಗಳಿ ಅತ್ತವಳಲ್ಲ ಅನ್ನವ್ವ. ಊರ ದೊಡ್ಡ ಜಮೀನುದಾರ ಬಾಳಾಸಾಹೇಬ ಸತ್ತಾಗ ಒಬ್ಬರ ಕಣ್ಣಲ್ಲೂ ನೀರಿರಲಿಲ್ಲ. ಬಡಿದು ಬಾಳಿದ ಗಂಡಸು, ಹೆಂಡತಿ ರತ್ನಾಬಾಯಿಯ ಒಂದು ಕಿವಿ ಆತನ ಏಟಿಗೇ ಕೇಳದಾಗಿತ್ತು. ಇಂಥವನಿಗೆ ಏನು ಹಾಡುತ್ತಾಳೋ ನೋಡೋಣ ಎಂದು ನಾನೂ ಕಾದೆ. ಆಕೆ ಎತ್ತಿದಳು: ‘ನಿನ್ನ ಚಪ್ಪಲಿ ಸಪ್ಪಳಕ ಮೂಲಿ ಹಿಡದ ಮಕ್ಕಳು.’ ಇವತ್ತು ಇವಳನ್ನು ಹೊಡೆದು ಓಡಿಸುತ್ತಾರೆ ಅಂದುಕೊಂಡೇ ದನಿ ಎಳೆದೆ. ಆಕೆ ಮುಗಿಸಿದಳು: ‘ಸಪ್ಪಳಿಲ್ಲದ ದಿನ ಬಾಗಿಲಿಗೆ ಬಂದ ನಿಂತಾವೋ.’ ರತ್ನಾಬಾಯಿ ಎದೆ ಬಡಿದುಕೊಂಡು ಅತ್ತಳು. ಗಂಡನಿಗೋ, ತನ್ನ ಕಿವಿಗೋ, ಹೋದ ವಯಸ್ಸಿಗೋ, ನಾನು ಕೇಳಲಿಲ್ಲ.

ಆದರೆ ಅನ್ನವ್ವನ ಒಬ್ಬಳೇ ಮಗಳು ಸಂಧ್ಯಾ ಅವತ್ತು ಕಂಡದ್ದು ಬೇರೆ. ಸಣ್ಣ ಹುಡುಗಿ, ಅವ್ವನ ಸೆರಗು ಹಿಡಿದು ಬಂದಿದ್ದಳು. ಆ ಮನೆಯ ಹೆಂಗಸರು ಪಡಸಾಲೆಯಲ್ಲಿ ಕೂತಿದ್ದರು, ಅವಳ ಅವ್ವ ನಮ್ಮ ಜೊತೆ ಹೊಸ್ತಿಲ ಹೊರಗೆ ಮಣ್ಣಿನಲ್ಲಿ ಕೂತು ಅಳುತ್ತಿದ್ದಳು. ನಮ್ಮ ಓಣಿಯವರು ಆ ಮನೆಗಳಲ್ಲಿ ಕೂರುವುದೇ ಅಲ್ಲಿ. ನಮಗೆ ರೂಢಿಯಾಗಿತ್ತು, ಆ ಹುಡುಗಿಗೆ ಆಗಲಿಲ್ಲ. ಆಗದ್ದೇ ಒಳ್ಳೆಯದಾಯಿತು ಎಂದು ಈಗಲೂ ಅನ್ನುತ್ತೇನೆ.

ಸಂಧ್ಯಾ ಓದಿ ಜಮಖಂಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದಳು. ರವಿವಾರ ಊರಿಗೆ ಬಂದಾಗೆಲ್ಲ ತಾಯಿ ಮಗಳಿಗೆ ಇದೇ ಜಗಳ.

“ನಮ್ಮನ್ನ ಹೊರಗ ಕುಂದ್ರಸಾವರ ಸಲುವಾಗಿ ನೀ ಯಾಕ ಅಳಬೇಕ ಬೇ? ನಮ್ಮ ಮನ್ಯಾಗ ಸತ್ತರ ಅವರ ಬಂದ ಅಳತಾರೇನು?”

“ಅವರ ಸಲುವಾಗಿ ಅಲ್ಲವ್ವಾ. ಸತ್ತವರು ಎಲ್ಲಾರೂ ಒಂದ.”

“ಅದು ಅಳೂದರ ಹೆಂಗ ಆಕ್ಕೈತಿ? ಮಾತಿಗಿ ಮಾತ ಹೊಂದಸಾಕ ದುಃಖಕ್ಕ ಪುರುಸೊತ್ತ ಇರತೈತೇನು? ಖರೆ ದುಃಖ ಇದ್ದಾಕಿ ಹಾಡಂಗಿಲ್ಲ. ಹಾಡಾಕಿಗೆ ದುಃಖ ಇರಂಗಿಲ್ಲ.”

ನನಗಂತೂ ಮಗಳ ಮಾತು ಕೇಳಿದಾಗ ಮಗಳದೇ ಖರೆ, ತಾಯಿಯ ಮಾತು ಕೇಳಿದಾಗ ತಾಯಿಯದೇ ಖರೆ ಅನ್ನಿಸುತ್ತಿತ್ತು. ಅನ್ನವ್ವ ಮಾತ್ರ ಜೋಳದ ಹಿಟ್ಟು ನಾದುತ್ತ ಸಾವಕಾಶ ಹೇಳಿದ್ದಳು:

“ಬರೇ ಅತ್ತರ ಅಳುವಿಗಿ ಕಡೀನ ಇರೂದಿಲ್ಲವ್ವಾ. ಸೊಲ್ಲಿನ್ಯಾಗ ಹಾಕಿದ್ರ ಅದಕ್ಕೊಂದ ಕಡಿ ಇರತೈತಿ, ಮುಗೀತೈತಿ. ಮನ್ಯಾಗ ಕೂಸು ಇರ್ತಾವ, ದನಾ ಇರ್ತಾವ. ಎದ್ದ ರೊಟ್ಟಿ ಬಡೀಬೇಕಲ್ಲಾ.”

ಮಗಳು ನಕ್ಕಳು. ಆ ಮಾತು ಅವಳ ತಲೆಯಲ್ಲಿ ಉಳಿಯಲಿಲ್ಲ, ನನ್ನ ತಲೆಯಲ್ಲಿ ಉಳಿಯಿತು.

ಅನ್ನವ್ವನ ಗಂಡ ಹುಲೆಪ್ಪ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಪಾಳಿ ಮುಗಿಸಿ ಬರುವಾಗ ಓಣಿಯ ಮೂಲೆಯಲ್ಲೇ ಒಂದು ಸಲ ಕೆಮ್ಮುತ್ತಿದ್ದ. ಅಷ್ಟು ಸಾಕು, ಈಕೆ ಹಿತ್ತಲ ಒಲೆ ಹಚ್ಚಿ ಚಹಾಕ್ಕೆ ಇಡುತ್ತಿದ್ದಳು. ಮನೆಗೆ ಗ್ಯಾಸ್ ಬಂದ ಮೇಲೂ ಆತನ ಚಹಾ ಒಲೆಯ ಮೇಲೆಯೇ. ನಾವು ಓಣಿಯ ಹೆಂಗಸರು ‘ಬಂತ ನೋಡವಾ ನಿನ್ನ ಭೋಂಗಾ’ ಎಂದು ಆ ಕೆಮ್ಮನ್ನು ಕಾರ್ಖಾನೆಯ ಸೈರನ್ನಿಗೆ ಹೋಲಿಸಿ ಕಾಡುತ್ತಿದ್ದೆವು. ಆಕೆ ವಯಸ್ಸಾದ ಮೇಲೂ ನಾಚುತ್ತಿದ್ದಳು.

ಮೂರು ವರ್ಷದ ಹಿಂದೆ ಕಬ್ಬಿನ ಹಂಗಾಮಿನಲ್ಲಿ ಹುಲೆಪ್ಪ ಮಲಗಿದಲ್ಲೇ ಹೋದ. ಸಂಧ್ಯಾ ಬಂದಳು, ಅವಳ ಹಿಂದೆ ಜಮಖಂಡಿಯಿಂದ ಅವಳ ಶಾಲೆಯ ಮಾಸ್ತರರೂ ಬಂದು ಅಂಗಳದ ಖುರ್ಚಿಗಳಲ್ಲಿ ಕೂತರು. ಹುಲೆಪ್ಪನನ್ನು ನಮ್ಮ ರೂಢಿಯಂತೆ ಗೋಡೆಗೆ ಆನಿಸಿ ಕೂಡಿಸಿದ್ದೆವು. ಎಷ್ಟೋ ಮನೆಗಳಲ್ಲಿ ಮಣ್ಣಲ್ಲಿ ಕೂತು ಅತ್ತಿದ್ದ ಅನ್ನವ್ವ ಅಂದು ತನ್ನ ಮನೆಯ ಒಳಗೆ, ಗಂಡನ ಪಾದ ಹಿಡಿದು ಕೂತಳು. ಆಮೇಲೆ ಎತ್ತಿದಳು:

‘ಓಣಿ ಮೂಲ್ಯಾಗ ಕೆಮ್ಮಿ ಬರಾವಾ, ಇಂದ ಕೆಮ್ಮದಽ ಹೊಂಟ್ಯೋ...’

ನಾವು ‘ಯಪ್ಪಾ’ ಎಂದು ಎಳೆದೆವು. ಆಕೆ ಉಸಿರು ತೆಗೆದುಕೊಂಡಳು. ‘ಹಚ್ಚಿದ ಒಲಿಯ ಮುಂದ...’

ಅಷ್ಟರಲ್ಲಿ ಖುರ್ಚಿಯ ಮೇಲಿದ್ದ ಒಬ್ಬ ಮಾಸ್ತರ ಮೊಬೈಲ್ ಎತ್ತಿ ಹಿಡಿದ. ಸಂಧ್ಯಾ ಅದನ್ನು ನೋಡಿದಳು. ಅವಳ ಮುಖ ಕೆಂಡವಾಯಿತು, ಓಡಿ ಬಂದು ತಾಯಿಯ ಬಾಯಿಗೆ ಅಂಗೈ ಒತ್ತಿದಳು.

“ಸಾಕ ಮಾಡ ಬೇ! ಇವತ್ತರ ಹಾಡಬ್ಯಾಡ. ನಮ್ಮ ಅಪ್ಪಗರ ಖರೆ ಅಳು!”

ಮಾಸ್ತರ ಮೊಬೈಲ್ ಕಿಸೆಗೆ ಹಾಕಿಕೊಂಡ. ಅನ್ನವ್ವ ಮಗಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸಿಟ್ಟಿರಲಿಲ್ಲ. ಆಕೆ ಪಾದ ಬಿಟ್ಟು, ಸೆರಗು ಸರಿಮಾಡಿಕೊಂಡು ಗೋಡೆಗೆ ಒರಗಿದಳು. ಮಣ್ಣಿಗೆ ಒಯ್ಯುವವರೆಗೆ ಒಂದು ಹನಿ ನೀರು ಬರಲಿಲ್ಲ.

ಆಮೇಲೂ ಬರಲಿಲ್ಲ. ಸತ್ತ ಮನೆಗಳಿಂದ ಕರೆ ಬಂದರೆ ‘ಗಂಟಲ ಸರಿ ಇಲ್ಲರೀ’ ಎಂದು ಕಳಿಸುತ್ತಿದ್ದಳು. ಸಂಜೆ ಪಾಳಿ ಬಿಡುವ ಹೊತ್ತಿಗೆ ಒಲೆ ಹಚ್ಚುತ್ತಿದ್ದಳು, ಪಾತ್ರೆಯ ನೀರು ಬತ್ತುವವರೆಗೆ ಮುಂದೆ ಕೂತಿರುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿದೆ.

“ಬಾಯಿ ಬಿಟ್ಟ ಅತ್ತಬಿಡ ಅನ್ನವ್ವಾ. ಎದಿ ಹಗರ ಆಕ್ಕೈತಿ.”

“ನನಗ ಬರೇ ಅಳು ಬರೂದಿಲ್ಲವ್ವಾ, ಹುಟ್ಟಿದಾಗಿಂದ ಕಲತಿಲ್ಲ. ಹಾಡಿದ್ರಽ ಬರತೈತಿ. ಹಾಡಿದ್ರ ಮಗಳಿಗೆ ಸುಳ್ಳ ಅನಸತೈತಿ.”

“ಆ ಸೊಲ್ಲರ ಮುಗಸ. ನಾ ಒಬ್ಬಾಕೀನ ಕೇಳತೇನಿ, ದನಿ ಎಳೀತೇನಿ.”

ಆಕೆ ಕೊಳವೆಯಿಂದ ಒಲೆ ಊದಿದಳು. ಹೊಗೆಗೆ ಕಣ್ಣು ಕೆಂಪಾಗಿದ್ದವು, ಅಷ್ಟೇ. ಆ ಮಗಳ ಮೇಲೆ ನನಗೆ ಅಂದು ಬಂದ ಸಿಟ್ಟು, ಸುಳ್ಳೇಕೆ ಹೇಳಲಿ, ಇನ್ನೂ ಪೂರ್ತಿ ಇಳಿದಿಲ್ಲ.

ಹೋದ ಶ್ರಾವಣದಲ್ಲಿ ಅನ್ನವ್ವ ಆ ಒಲೆಯ ಮುಂದೆಯೇ ವಾಲಿದಳು. ನಾನು ಹೋಗಿ ನೋಡುವಷ್ಟರಲ್ಲಿ ಮುಗಿದಿತ್ತು.

ಹೆಣದ ಸುತ್ತ ಓಣಿಯ ಹೆಂಗಸರೆಲ್ಲ ಕೂತರು. ಯಾರೂ ಅಳಲಿಲ್ಲ, ಅಳಿಸುವವಳೇ ಸತ್ತಿದ್ದಳಲ್ಲ. ರತ್ನಾಬಾಯಿಯೂ ಬಂದಿದ್ದಳು, ಒಳಗೆ ಬಾ ಎಂದು ನಾವೇ ಕರೆದೆವು, ಬಂದು ನಮ್ಮ ನಡುವೆ ಕೂತು ಕೇಳುವ ಕಿವಿಯನ್ನು ಮುಂದೆ ಚಾಚಿದ್ದಳು. ಸಂಧ್ಯಾ ತಾಯಿಯ ಪಾದ ಹಿಡಿದಿದ್ದಳು. ಅವಳ ಕಣ್ಣೂ ಒಣಗಿದ್ದವು. ಆಮೇಲೆ, ಸ್ವರವಿಲ್ಲ, ರಾಗವಿಲ್ಲ, ಪಾಠ ಒಪ್ಪಿಸುವ ಮಕ್ಕಳ ಹಾಗೆ ಹೇಳಿದಳು:

‘ಓಣಿ ಮೂಲ್ಯಾಗ ಕೆಮ್ಮಿ ಬರಾವಾ, ಇಂದ ಕೆಮ್ಮದಽ ಹೊಂಟ್ಯೋ...’

ಅಪ್ಪನ ಸೊಲ್ಲು. ಅವಳಿಗೆ ಗೊತ್ತಿದ್ದದ್ದು ಅದೊಂದೇ. ನಾನು ದನಿ ಎಳೆದೆ. ಎಲ್ಲರೂ ಎಳೆದರು. ‘ಹಚ್ಚಿದ ಒಲಿಯ ಮುಂದ...’ ಎಂದಳು ಸಂಧ್ಯಾ. ನಿಂತಳು. ನಾವು ಮತ್ತೆ ಎಳೆದೆವು. ಅವಳು ತಾಯಿಯ ಮುಖ ನೋಡಿದಳು, ಆಮೇಲೆ ನನ್ನನ್ನು.

“ಮುಂದೇನ ಚಿಗವ್ವಾ?”

“ನನಗ ಗೊತ್ತಿಲ್ಲ ನನ ಮಗಳ. ಅದ ಆಕೀ ಬಾಯಾಗ ಇತ್ತು.”

ಆಗ ಅತ್ತಳು. ಮಾತಿಲ್ಲದ, ಸೊಲ್ಲಿಲ್ಲದ ಅಳು. ಅಂದು ತಾಯಿಗೆ ಅಳು ಎಂದು ಹೇಳಿದ್ದ ಖರೆ ಅಳು ಅದೇ ಇರಬೇಕು. ನಾವು ಎಲ್ಲಿ ದನಿ ಕೂಡಿಸಬೇಕೋ ತಿಳಿಯಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೂ ಅಳುತ್ತಿದ್ದಳು, ಮರುದಿನವೂ.

ಈಗಲೂ ರವಿವಾರ ಬರುತ್ತಾಳೆ. ತಾಯಿಯ ಮನೆ ಕಸ ಗುಡಿಸಿ ನನ್ನ ಕಟ್ಟೆಯ ಮೇಲೆ ಕೂತು ಒಂದೇ ಮಾತು ಕೇಳುತ್ತಾಳೆ: “ನೆನಪಾತೇನ ಚಿಗವ್ವಾ? ಅವ್ವ ಎಂದರ ನಿನ್ನ ಮುಂದ ಅಂದಿರಬೇಕ ನೋಡ.” ಅವಳ ಮುಖ ನೋಡಲಾರದೆ ಹೋದ ವಾರ ನಾನೇ ಕುಳಿತು ಒಂದು ಹೊಂದಿಸಿದೆ. ನೆನಪಾಯಿತು ಎಂದು ಹೇಳಿದೆ:

‘ಹಚ್ಚಿದ ಒಲಿಯ ಮುಂದ ಯಾರಿಗಂತ ಕಾಯಲೋ.’

ಸಂಧ್ಯಾ ಕಣ್ಣು ಮುಚ್ಚಿ ಕೇಳಿದಳು. ಒಂದೆರಡು ಸಲ ತುಟಿಯಲ್ಲೇ ಹೇಳಿಕೊಂಡಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು, ಸಿಟ್ಟಿನಿಂದಲ್ಲ.

“ಇದು ಅವ್ವಂದಲ್ಲ ಚಿಗವ್ವಾ. ಯಾರಿಗಂತ ಕಾಯಲಿ ಅಂತ ಆಕಿ ಎಂದೂ ಕೇಳತಿದ್ದಿಲ್ಲ. ಕಾಯತಿದ್ಲು, ಅಷ್ಟ.”

ಜಮಖಂಡಿಯ ಬಸ್ಸಿಗೆ ಹೊತ್ತಾಗಿತ್ತು. ಅವಳು ಎದ್ದು ಓಣಿಯ ಮೂಲೆಯವರೆಗೆ ಹೋಗಿ, ಅಲ್ಲಿ ನಿಂತು, ಒಂದು ಸಲ ಕೆಮ್ಮಿದಳು.